ಬಸರಾಕ್ಕ ಹೋದ ಸಣ್ಣಜ್ಜ: ಸೆರಿಯಾಗ ಸತ್ತ ಸಿಪಾಯಿ ಹೆಸರು ಊರ ಅಗಸಿ ಕಲ್ಲಿನ ಮ್ಯಾಲ ಇರಬೇಕೋ ಬ್ಯಾಡೋ?

ಘಟಪ್ರಭಾ ದಂಡಿ

ಎಲ್ಲರಿಗೂ ಶರಣು. ನಮ್ಮೂರು ಗೋಕಾಕ ತಾಲೂಕಿನಾಗ ಐತಿ. ಹಳೇ ಅಗಸಿ ಬಿದ್ದಿತ್ತು, ಈಗ ಊರವರು ಪಟ್ಟಿ ಕೂಡಿಸಿ ಹೊಸದಾಗಿ ಕಟ್ಟಸಾಕತ್ತಾರ. ಅಗಸಿ ಬಲಗಡೆ ಗ್ವಾಡಿಗೆ ಒಂದು ಕಲ್ಲು ಹಚ್ಚಿ, ಊರಿಂದ ಲಡಾಯಿಗೆ ಹೋಗಿ ಜೀವ ಕೊಟ್ಟವರ ಹೆಸರು ಕೆತ್ತಸೂದಂತ ಠರಾವ ಆಗೇತಿ. 1965ರ ಯುದ್ಧದಾಗ ಹೋದವರೊಬ್ಬರು, ಕಾಶ್ಮೀರದಾಗ ಹೋದವರೊಬ್ಬರು, ಇಬ್ಬರ ಹೆಸರಿಗೂ ಎಲ್ಲಾರೂ ಹೂಂ ಅಂದಾರ. ಮೂರನೇದು ನಮ್ಮ ಮನೆತನದ್ದು. ಅದಕ್ಕ ತಕರಾರು ಬಂದೈತಿ.

ಅಂವ ನಮ್ಮ ಮುತ್ಯಾನ ಕಾಕಾ. ಮನ್ಯಾಗ ಎಲ್ಲಾರೂ ಸಣ್ಣಜ್ಜ ಅಂತನ ಕರೀತಾರ, ಹೆಸರು ನಾನಿಲ್ಲಿ ಹಾಕೂದಿಲ್ಲ. ನಾವು ಮರಾಠರು, ಮನಿ ಮಾತು ಕನ್ನಡ. ಸಣ್ಣಜ್ಜ ಮೊದಲನೇ ಮಹಾಯುದ್ಧ ಸುರು ಆಗೂದಕ್ಕಿಂತ ಸ್ವಲ್ಪ ಮೊದಲ ಪಲ್ಟನ್ ಸೇರಿದ್ದ. ಈಗಿನ ಇರಾಕಿನ ಬಸರಾಕ್ಕ ಹೋದ, ತುರ್ಕರ ಕೈಗೆ ಸೆರೆ ಸಿಕ್ಕ, ಅಲ್ಲೇ ಸತ್ತ. ಇಪ್ಪತ್ತರ ಆಜೂಬಾಜು ವಯಸ್ಸು. ಗೊತ್ತಿರೂದು ಇಷ್ಟ. ಮಾನಾಮಿ ಅಮಾಸಿಗೆ ಹಿರಿಯರಿಗೆ ಎಡಿ ಹಿಡೀತೀವಲ್ಲ, ಆವಾಗ ಸೈತ ಅವನ ಹೆಸರು ತಗೊಂಡದ್ದು ನಾನು ಕೇಳಿಲ್ಲ.

ಊರ ಹಿರಿಯರೊಬ್ಬರು ಸಭಾದಾಗ ಅಂದ್ರು: "ಗುಂಡಿಗೆ ಎದಿ ಕೊಟ್ಟವರ ಸಾಲಿನಾಗ, ಶರಣಾಗಿ ಸೆರಿಯಾಗ ಬ್ಯಾನಿ ಬಂದು ಸತ್ತಾಂವನ ಹೆಂಗ ಕೂಡಸೂದು?" ಅವರು ಕೆಟ್ಟ ಮನಸಿನಿಂದ ಅಂದದ್ದಲ್ಲ. ಆದ್ರ ನನಗ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಅವನದಂತ ಎರಡ ಸಾಮಾನು ಉಳದಾವ. ಒಂದು ದೊಡ್ಡ ಕಂಚಿನ ಬಿಲ್ಲಿ, ಅಂಗೈಗಿಂತ ಅಗಲ ಐತಿ. ಅದರ ಮ್ಯಾಲ ನಿಂತ ಒಬ್ಬ ಹೆಣ್ಣುಮಗಳು, ಕಾಲ ಹತ್ರ ಸಿಂಹ, ಒಂದು ಚೌಕಟ್ಟಿನಾಗ ಇಂಗ್ಲಿಷಿನಾಗ ಅವನ ಹೆಸರು. ಇನ್ನೊಂದು ಬೆಳ್ಳಿ ಪದಕ. ಸೆರೆ ಸಿಕ್ಕದ್ದು ಕುತ್ ಅನ್ನೂ ಊರಾಗ ಅಂತಾರ, ಅಲ್ಲಿ ಏನಾತು? ಅವಂದು ಎಲ್ಲ್ಯರೆ ಸಮಾಧಿ ಇದ್ದೀತೇನು? ಬಲ್ಲವರು ಹೇಳ್ರಿ.

ನಿವೃತ್ತ ಸುಬೇದಾರ, ಬೆಳಗಾವಿ

ಬೆಳ್ಳಿ ಪದಕದ ಅಂಚು ನೋಡ್ರಿ. ಮುಖದ ಮ್ಯಾಲಲ್ಲ, ದಂಡಿಗೆ ಸುತ್ತಲೂ. ಸಣ್ಣ ಅಕ್ಷರದಾಗ ನಂಬರ, ದರ್ಜೆ, ಹೆಸರು, ಪಲ್ಟನ್ ಕೊರದಿರ್ತಾರ. ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ಅಕ್ಷರ ಸವದ ಹೋಗ್ತಾವ. ಒಣ ಅರಬಿಲೆ ಒರಸಿ, ಬಿಸಲಿಗೆ ವಾರಿ ಹಿಡದು ನೋಡ್ರಿ.

ಘಟಪ್ರಭಾ ದಂಡಿ

ಸಾಹೇಬ್ರ, ನೀವಂದಂಗ ಐತಿ. ನಂಬರ ಐತಿ, ಸಿಪಾಯಿ ಅಂತ ಐತಿ, ಹೆಸರಿನ ಮುಂದ 110, ಮರಾಠಾ ಅಂತ ಐತಿ. ಇಷ್ಟ ವರ್ಷ ಇದು ಟ್ರಂಕಿನಾಗ ಇತ್ತು, ಯಾರೂ ಅಂಚು ನೋಡಿರಲಿಲ್ಲ.

ನಿವೃತ್ತ ಸುಬೇದಾರ, ಬೆಳಗಾವಿ

ಹಂಗಾದ್ರ 110ನೇ ಮರಾಠಾ ಲೈಟ್ ಇನ್‌ಫಂಟ್ರಿ. ಕುತ್ ಮುತ್ತಿಗಿಯೊಳಗ ನಮ್ಮ ಮೂರು ಪಲ್ಟನ್ ಇದ್ದುವು: 103, 110, 117. 1922ರಾಗ ಎಲ್ಲಾ ಕೂಡಿಸಿ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಮಾಡಿದ್ರು. 103 ಅಂದ್ರ ಈಗಿನ ಜಂಗಿ ಪಲ್ಟನ್. ನಿಮ್ಮ ಸಣ್ಣಜ್ಜನ 110 ಮೂರನೇ ಬಟಾಲಿಯನ್ ಆತು, ಮುಂದ ಅದ ಪ್ಯಾರಾಶೂಟ್ ರೆಜಿಮೆಂಟಿಗೆ ಹೋಗಿ 2 ಪ್ಯಾರಾ ಅಂತ ಹೆಸರಾತು. ನೀವು ಚಿಂತಿ ಮಾಡಬ್ಯಾಡ್ರಿ. ಅವನ ಪಲ್ಟನ್ ಇನ್ನೂ ಜೀವಂತ ಐತಿ.

ಇತಿಹಾಸ ಮಾಸ್ತರ, ಬಾಗಲಕೋಟೆ

ಕುತ್ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ತಾಳ್ಮೆಯಿಂದ ಓದಿ. "ಶರಣಾದವನು" ಎಂಬ ಒಂದು ಮಾತಿನಲ್ಲಿ ಮುಗಿಸುವ ಕಥೆ ಇದಲ್ಲ.

1914ರ ನವೆಂಬರಿನಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯ ಈಗಿನ ಇರಾಕಿನ ದಕ್ಷಿಣ ತುದಿಯಲ್ಲಿ ಇಳಿಯಿತು. ಎಣ್ಣೆ ಬಾವಿಗಳ ರಕ್ಷಣೆ ಮೊದಲ ಉದ್ದೇಶ. ಬಸರಾ ಕೈಗೆ ಬಂತು, ಅಲ್ಲಿಗೆ ನಿಲ್ಲಬಹುದಿತ್ತು. ಮೇಲಿನವರಿಗೆ ಬಾಗ್ದಾದಿನ ಆಸೆ ಹತ್ತಿತು. ಜನರಲ್ ಟೌನ್‌ಶೆಂಡ್ ಕೈಕೆಳಗಿನ 6ನೇ ಪುಣೆ ಡಿವಿಜನ್ ಟೈಗ್ರಿಸ್ ನದಿಗುಂಟ ಮೇಲೆ ಮೇಲೆ ಹೋಯಿತು. ಹೋದಂತೆಲ್ಲ ಬಸರಾ ದೂರವಾಯಿತು, ದೋಣಿ ಸಾಲದಾದವು, ಔಷಧ ಸಾಲದಾಯಿತು, ಗಾಯಾಳುಗಳನ್ನು ಸಾಗಿಸಲು ತಕ್ಕ ವ್ಯವಸ್ಥೆಯೇ ಇರಲಿಲ್ಲ. 1917ರಲ್ಲಿ ಬ್ರಿಟಿಷರೇ ನೇಮಿಸಿದ ವಿಚಾರಣಾ ಆಯೋಗ ಈ ಹೊಣೆಗೇಡಿತನವನ್ನು ಬಯಲಿಗೆ ಹಾಕಿದ ಮೇಲೆ ಭಾರತದ ಆಡಳಿತ ನೋಡುತ್ತಿದ್ದ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು.

1915ರ ನವೆಂಬರಿನಲ್ಲಿ ಬಾಗ್ದಾದ್ ಹತ್ತಿರದ ಟೆಸಿಫಾನ್‌ನಲ್ಲಿ ಭಾರಿ ಕಾಳಗ. ಹಳೆಯ ಪರ್ಷಿಯನ್ ಅರಮನೆಯ ದೊಡ್ಡ ಕಮಾನು ಇರುವ ಜಾಗ ಅದು. ಅಲ್ಲಿ ಡಿವಿಜನ್ನಿನ ಬೆನ್ನೆಲುಬು ಮುರಿಯಿತು. ಹಿಂದೆ ಸರಿದು ಡಿಸೆಂಬರ್ ಮೊದಲ ವಾರ ಕುತ್ ಅಲ್ ಅಮಾರಾ ಸೇರಿದರು. ನದಿ ಮೂರು ಕಡೆ ಬಳಸಿ ಹರಿಯುವ ಮಣ್ಣಿನ ಮನೆಗಳ ಊರು. ಡಿಸೆಂಬರ್ 7ಕ್ಕೆ ತುರ್ಕರ ಮುತ್ತಿಗೆ ಬಿಗಿಯಾಯಿತು. ಅದು ಮುಗಿದದ್ದು 1916ರ ಏಪ್ರಿಲ್ 29ರಂದು. ಸುಮಾರು ಐದು ತಿಂಗಳು.

ಹಸಿವು ಆ ಮುತ್ತಿಗೆಯ ನಿಜವಾದ ಶತ್ರು. ಬರಬರುತ್ತ ಹಿಟ್ಟು ಹಿಡಿಯಷ್ಟಾಯಿತು. ಕುದುರೆ, ಹೇಸರಗತ್ತೆಗಳನ್ನು ಕೊಯ್ದು ಮಾಂಸ ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಕುದುರೆ ಮಾಂಸ ಮುಟ್ಟಲಿಲ್ಲ. ಧರ್ಮದ ಹಿರಿಯರಿಂದ "ಆಪತ್ಕಾಲದಲ್ಲಿ ದೋಷವಿಲ್ಲ" ಎಂಬ ಅಪ್ಪಣೆಯನ್ನು ಭಾರತದಿಂದ ತರಿಸಿದರೂ ಬಹಳ ಜನ ಕಡೆಕಡೆಯವರೆಗೂ ಒಪ್ಪಲಿಲ್ಲ. ಊರಿಗೆ ಮರಳಿದರೆ ಪಂಕ್ತಿಯಲ್ಲಿ ಕೂಡಿಸುತ್ತಾರೋ ಇಲ್ಲವೋ ಎಂಬ ಅಂಜಿಕೆ. ಕಾಯಿಪಲ್ಲೆ ಇಲ್ಲದೆ ರಕ್ತಪಿತ್ತ ಹತ್ತಿತು, ವಸಡು ಕೊಳೆತು ಹಲ್ಲು ಉದುರಿದವು. ಬಯಲಿನ ಸೊಪ್ಪುಸದೆ ಆಯ್ದು ಕುದಿಸಿ ತಿಂದರು. ಆ ಸ್ಥಿತಿಯಲ್ಲೂ ರಾತ್ರಿ ಕಂದಕದಲ್ಲಿ ಪಹರೆ ನಿಂತರು.

ಹೊರಗಿನಿಂದ ಬಿಡಿಸಲು ಬಂದ ಸೈನ್ಯ ಹನ್ನಾ, ದುಜೈಲಾ, ಸನ್ನಾಯತ್‌ಗಳಲ್ಲಿ ಸೋತು ಸೋತು 20,000ಕ್ಕೂ ಮಿಕ್ಕಿ ಜನರ ಸಾವುನೋವು ಕಂಡಿತು. ವಿಮಾನದಿಂದ ಹಿಟ್ಟಿನ ಚೀಲ ಒಗೆದರು, ಅದು ಯಾವ ಮೂಲೆಗೂ ಸಾಲಲಿಲ್ಲ. ಜುಲ್ನಾರ್ ಎಂಬ ಹಡಗಿನಲ್ಲಿ ದವಸ ತುಂಬಿ ಕಳಿಸಿದರು, ಅದನ್ನು ತುರ್ಕರು ಹಿಡಿದುಕೊಂಡರು. ಆಗ ಟೌನ್‌ಶೆಂಡ್ ಶರಣಾದ.

ಶರಣಾಗುವ ನಿರ್ಧಾರ ಜನರಲ್‌ನದ್ದು. ಸಿಪಾಯಿಯನ್ನು ಯಾರೂ ಕೇಳಲಿಲ್ಲ. ಬಂದೂಕು ಇಳಿಸು ಎಂಬ ಹುಕುಂ ಬಂತು, ಇಳಿಸಿದ. ಇದನ್ನು ನಿಮ್ಮೂರ ಹಿರಿಯರಿಗೆ ದಯವಿಟ್ಟು ತಿಳಿಸಿ ಹೇಳಿ.

ಕಿತ್ತೂರ ಹುಡುಗ

ಮಾಸ್ತರ್ರ, ಓದಿ ಬಾಳ ಸಂಕಟ ಆತು. ಆದ್ರೂ ನನ್ನ ಮನಸಿನ್ಯಾಗ ಇರೂದು ಕೇಳ್ತೀನಿ, ಯಾರೂ ಬೇಜಾರ ಆಗಬ್ಯಾಡ್ರಿ. ಆ ಕಂಚಿನ ಬಿಲ್ಲಿ ಮ್ಯಾಲ ಇಂಗ್ಲಿಷಿನಾಗ ಏನ ಬರದಿರ್ತಾರ ಗೊತ್ತೈತೇನು? ಸ್ವಾತಂತ್ರ್ಯಕ್ಕಾಗಿ, ಮಾನಕ್ಕಾಗಿ ಇಂವ ಸತ್ತ ಅಂತ. ಯಾರ ಸ್ವಾತಂತ್ರ್ಯ? ನಮ್ಮ ಕಿತ್ತೂರ ಕ್ವಾಟಿ ಕೆಡವಿದವರು, ಸಂಗೊಳ್ಳಿ ರಾಯಣ್ಣನ್ನ ನಂದಗಡದಾಗ ಗಲ್ಲಿಗೆ ಹಾಕಿದವರು ಅವರ. ಅವರ ಪಗಾರ ತಗೊಂಡು, ನಮಗ ಏನೂ ಮಾಡದ ಊರಿಗೆ ಹೋಗಿ ಸತ್ತವರಿಗೆ ನಾವು ಕಲ್ಲು ಕೂಡಸೂದು ಸರಿನಾ?

ಸಂಕೇಶ್ವರದ ಸೊಸಿ

ತಮ್ಮಾ, ನಿನ್ನ ಪ್ರಶ್ನೆ ಸರಿನ ಐತಿ. ಆದ್ರ ಅವತ್ತಿನ ಮನಿ ಒಳಗ ಒಮ್ಮೆ ಹೊಕ್ಕು ನೋಡು. 1899-1900ರ ಬರ, ಅದರ ಹಿಂದಮುಂದ ಪ್ಲೇಗು. ನಮ್ಮ ಕಡೆ ಊರಿಗೆ ಊರ ಬಿಟ್ಟು ಜನ ಹೊಲದಾಗ ಗುಡಿಸಲ ಹಾಕ್ಕೊಂಡು ಇದ್ದದ್ದು ನಮ್ಮ ಆಯಿ ಹೇಳ್ತಿದ್ರು. ಸಿಪಾಯಿ ಪಗಾರ ತಿಂಗಳಿಗೆ 11 ರೂಪಾಯಿ. ಎರಡನೇ ಮಗಗ ಹೊಲದಾಗ ಪಾಲ ಬರೂದು ಎಷ್ಟು? ಅಂಥಾ ಹುಡುಗ್ರು ಹೋದ್ರು. ರಾಜ್ಯ ಯಾರದಂತ ಅವರನ್ನ ಯಾರೂ ಕೇಳಿರಲಿಲ್ಲ.

ಇಷ್ಟೊತ್ತನಕ ಎಲ್ಲಾರೂ ಪಲ್ಟನ್ ಬಗ್ಗೆ ಮಾತಾಡಿದ್ರಿ. ಘಟಪ್ರಭಾ ಅಣ್ಣಾರ, ಸಣ್ಣಜ್ಜಗ ಮದಿವಿ ಆಗಿತ್ತೇನು? ಆಗಿದ್ರ, ಆಕಿದು ಏನಾತು? ಮನ್ಯಾಗ ವಯಸ್ಸಾದ ಹೆಣ್ಣುಮಕ್ಕಳಿದ್ರ ಒಮ್ಮೆ ಅವರನ್ನ ಕೇಳ್ರಿ. ಗಂಡಸರಿಗೆ ಹೇಳದ್ದು ಅವರ ಹತ್ರ ಇರ್ತೈತಿ.

ಘಟಪ್ರಭಾ ದಂಡಿ

ಅಕ್ಕಾರ, ಮದಿವಿ ಆಗಿತ್ತಂತ ಕೇಳೀನಿ. ನಮ್ಮ ಸ್ವಾದರತ್ತಿ ಒಬ್ಬಾಕಿ ಅದಾಳ, ತೊಂಬತ್ತು ದಾಟೇತಿ, ಹುಕ್ಕೇರಿ ಕಡೆ ಕೊಟ್ಟಾರ. ಈ ಐತವಾರ ಹೋಗಿ ಕೇಳಿ ಬರ್ತೀನಿ.

ದಾಖಲೆ ಹುಡುಕಾಟ

ನಾನು ಹಳೆಯ ಸೈನಿಕರ ದಾಖಲೆ ಹುಡುಕುವವರಿಗೆ ನೆರವಾಗುತ್ತಿರುತ್ತೇನೆ. ನಂಬರು, ಪಲ್ಟನ್ ಎರಡೂ ಸಿಕ್ಕಿರುವುದು ದೊಡ್ಡ ಭಾಗ್ಯ. ಹೆಸರಿನ ಬೆನ್ನು ಹತ್ತಿದರೆ ಸಿಗುವುದು ಕಷ್ಟ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ. ಒಂದೇ ಹೆಸರು ಮೂರು ನಾಲ್ಕು ತೆರನಾಗಿ ಇರುತ್ತದೆ, ನಮ್ಮ ಊರುಗಳ ಹೆಸರಂತೂ ಗುರುತೇ ಸಿಗದಷ್ಟು ತಿರುಚಿರುತ್ತದೆ. ನಂಬರು ಹಾಗಲ್ಲ.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಪಲ್ಟನ್ ಮತ್ತು ನಂಬರು ಹಾಕಿ ಹುಡುಕಬಹುದು. ಭಾರತೀಯ ಸಿಪಾಯಿಗಳ ವಿವರದಲ್ಲಿ ಎಷ್ಟೋ ಕಡೆ ತಂದೆಯ ಹೆಸರು, ಊರು, ತಾಲೂಕು, ಬೆಳಗಾಂ ಜಿಲ್ಲೆ ಅಂತಲೂ ಇರುತ್ತದೆ. ಇನ್ನೊಂದು ದಾರಿ ರೆಡ್ ಕ್ರಾಸ್. ಮೊದಲನೇ ಮಹಾಯುದ್ಧದ ಕೈದಿಗಳ ಚೀಟಿಗಳನ್ನು ಅವರು 2014ರಲ್ಲಿ ಆನ್‌ಲೈನ್ ಹಾಕಿದ್ದಾರೆ.

ಸಮಾಧಿಯ ಬಗ್ಗೆ ಕೇಳಿದಿರಿ. ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಸತ್ತು, ಸಮಾಧಿ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಬಸರಾ ಸ್ಮಾರಕ ಇದೆ. ಮೊದಲು ನದಿ ದಂಡೆಯ ಹಡಗುಕಟ್ಟೆಯಲ್ಲಿತ್ತು. 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಅದನ್ನು ಬಿಚ್ಚಿ, ನಾಸಿರಿಯಾ ದಾರಿಯಲ್ಲಿ 32 ಕಿಲೋಮೀಟರ್ ದೂರ, ಮರುಭೂಮಿಯಲ್ಲಿ ಮತ್ತೆ ಕಟ್ಟಿದರು. ಆ ಗೋಡೆಗಳ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಭಾರತೀಯ ಸಿಪಾಯಿಗಳ ಹೆಸರಿಲ್ಲ. ಪಲ್ಟನ್ ಹೆಸರಿನ ಕೆಳಗೆ ಇಷ್ಟು ಜನ ಅಂತ ಸಂಖ್ಯೆ ಮಾತ್ರ ಇದೆ. ಹೆಸರು ಕಡತದ ಪುಸ್ತಕದಲ್ಲಿ.

2021ರ ಏಪ್ರಿಲಿನಲ್ಲಿ ಆ ಆಯೋಗವೇ ಒಂದು ವರದಿ ಹೊರಡಿಸಿ ತಪ್ಪಾಯಿತೆಂದು ಹೇಳಿತು. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಜನರಿಗೆ ಸಮಾನ ಗೌರವ ಸಿಗಲಿಲ್ಲ, ಕಡಿಮೆಯೆಂದರೂ 1,16,000 ಜನರಿಗೆ ಹೆಸರಿನ ಗುರುತೇ ಸಿಗಲಿಲ್ಲ ಅಂತ ಅದರಲ್ಲಿದೆ. ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು.

ಕಿತ್ತೂರ ಹುಡುಗ ಅವರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ ನೋಡಿ. ಸಾಮ್ರಾಜ್ಯದವರು ಅವನನ್ನು ಒಂದು ಸಂಖ್ಯೆ ಮಾಡಿ ಬಿಟ್ಟರು. ನಾವೂ ಹೆಸರು ಬರೆಯಲಿಲ್ಲವೆಂದರೆ ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಾವು ಪೂರ್ತಿ ಮಾಡಿದ ಹಾಗಾಗುತ್ತದೆ. ಊರ ಕಲ್ಲು ಇಂಗ್ಲಿಷರಿಗಲ್ಲ, ಊರ ಹುಡುಗನಿಗೆ.

ಬಾರಾಕಮಾನ್, ವಿಜಯಪುರ

ಎಲ್ಲರಿಗೂ ಸಲಾಂ. ಮರಾಠಾ ಪಲ್ಟನ್ ಅಂದ್ರ ಬರೇ ಮರಾಠರು ಅಲ್ಲ, ದಖನಿ ಮುಸಲ್ಮಾನರೂ ಇದ್ರು. ನಮ್ಮ ಪರದಾದಾ 103ರಾಗ ಇದ್ರು, ಕುತ್‌ನಾಗ ಸೆರೆ ಸಿಕ್ಕು 1918ರ ನಂತರ ಜೀವಂತ ಬಂದ್ರು. ಅವರು ಹೇಳಿದ್ದು ನಮ್ಮ ದಾದಾಗ, ದಾದಾ ಹೇಳಿದ್ದು ನನಗ.

ಶರಣಾದ ಮ್ಯಾಲ ಶುಮ್ರಾನ್ ಅನ್ನೂ ಜಾಗದಾಗ ಬಯಲಿನ್ಯಾಗ ಕೂಡಿಸಿದ್ರು. ತುರ್ಕಿ ಫೌಜಿನ ಬಿಸ್ಕೀಟು ಕೊಟ್ರಂತ. ಕಲ್ಲಿನಂಗ ಗಟ್ಟಿ, ಧೂಳು ಮಣ್ಣು ಕೂಡಿದ್ದು. ತಿಂಗಳಾನಗಟ್ಟಲೆ ಉಪವಾಸ ಇದ್ದ ಹೊಟ್ಟಿ, ತಿಂದ್ರು, ವಾಂತಿಭೇದಿ ಹತ್ತಿ ಅಲ್ಲೇ ಬಾಳ ಮಂದಿ ಹೋದ್ರು. ಅಲ್ಲಿಂದ ಅಫಸರನ್ನ ಬ್ಯಾರೆ ಮಾಡಿ ದೋಣಿಯಾಗ ಕಳಿಸಿದ್ರು. ಸಿಪಾಯಿಗಳು ಬಾಗ್ದಾದ್ ತನಕ ನಡದ ಹೋಗಬೇಕು, ನೂರಾ ಅರವತ್ತು ಕಿಲೋಮೀಟರ್, ಮೇ ತಿಂಗಳ ಬಿಸಲು. ಸಮಾರಾ ತನಕ ರೈಲು, ಮತ್ತ ನಡಿಗಿ: ತಿಕ್ರೀತ್, ಮೋಸುಲ್, ನಿಸಿಬಿನ್, ರಾಸ್ ಅಲ್ ಐನ್. ಅಲ್ಲಿ ಜರ್ಮನರ ಬಾಗ್ದಾದ್ ರೈಲ್ವೆ ಕೆಲಸ, ಹಳಿ ಹಾಕೂದು, ಮಣ್ಣು ಹೊರೂದು. ಬೂಟು ಮೊದಲ ಹೋಗಿದ್ದುವು. ಬೂಟು ಇದ್ದವರು ರೊಟ್ಟಿ ಸಲುವಾಗಿ ಮಾರ್ಕೊಂಡ್ರಂತ. ಕಾಲಿಗೆ ಅರಬಿ ಚಿಂದಿ ಸುತ್ತಿ, ಮ್ಯಾಲ ಸುತ್ತಲಿ ಕಟ್ಟಿ ನಡೀಬೇಕು. ಪರದಾದಾನ ಕಾಲಬಟ್ಟು ಎರಡು ಇರಲಿಲ್ಲ, ಅದನ್ನ ನಮ್ಮ ದಾದಾ ಸಣ್ಣಾಂವಿದ್ದಾಗ ಮುಟ್ಟಿ ನೋಡ್ಯಾರ.

ತುರ್ಕರು ಮುಸಲ್ಮಾನ ಕೈದಿಗಳನ್ನ ಬ್ಯಾರೆ ಮಾಡಿ ತಮ್ಮ ಕಡೆ ಎಳಕೊಳ್ಳಾಕ ನೋಡಿದ್ರು. ಕೆಲವರು ಹೋದ್ರು, ಅದನ್ನ ಮುಚ್ಚಿ ಇಡೂದಿಲ್ಲ. ಬಾಳ ಮಂದಿ ಹೋಗಲಿಲ್ಲ. ಪರದಾದಾ ಹೇಳ್ತಿದ್ರಂತ: ದಾರಿಯಾಗ ಬಿದ್ದವರಿಗೆ ಸೌದಿ ಇಲ್ಲ, ಸುಡೂ ಹಂಗಿಲ್ಲ. ಹಿಂದೂ ಇರಲಿ ಮುಸಲ್ಮಾನ ಇರಲಿ, ಮಣ್ಣು ಕೆದರಿ ಮಲಗಿಸಿ, ನಾಯಿ ಎಳೀಬಾರದಂತ ಮ್ಯಾಲ ಕಲ್ಲು ಪೇರಸ್ತಿದ್ರು. ಕಾವಲಿನಾಂವ ಚಾಟಿ ಹಿಡಕೊಂಡು ನಿಂತಿರ್ತಿದ್ದ, ಅಷ್ಟರಾಗ ಮುಗಸಬೇಕು. ಘಟಪ್ರಭಾ ಭಾಯಿ, ನಿಮ್ಮ ಸಣ್ಣಜ್ಜಗೂ ಯಾರೋ ಒಬ್ಬರು ಕಲ್ಲು ಪೇರಸಿರ್ತಾರ. ನಮ್ಮವರ ಇರಬಹುದು.

ಇತಿಹಾಸ ಮಾಸ್ತರ, ಬಾಗಲಕೋಟೆ

ಬಾರಾಕಮಾನ್ ಅವರು ಹೇಳಿದ ದಾರಿ ಇತಿಹಾಸದ ದಾಖಲೆಯ ದಾರಿಯೇ. ಅಂದು ಸೆರೆಯಾದವರು ಸುಮಾರು 13,000 ಜನ. ಅದರಲ್ಲಿ 10,000ದಷ್ಟು ಭಾರತೀಯರು. ಅವರಲ್ಲಿ 3,000ಕ್ಕೂ ಮಿಕ್ಕಿ ಬಂದೂಕು ಹಿಡಿಯದ ಜನ, ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ನೋಡಿಕೊಳ್ಳುವವರು. ಬ್ರಿಟಿಷ್ ಸಿಪಾಯಿಗಳು 2,600ರ ಹತ್ತಿರ ಇದ್ದರು, ಸೆರೆಯಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಭಾರತೀಯರಲ್ಲಿ ಸತ್ತವರು, ಗುರುತು ಹತ್ತದೆ ಹೋದವರು ಕೂಡಿ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ. ಯುದ್ಧಕೈದಿಗಳನ್ನು ಮಾನವೀಯತೆಯಿಂದ ನೋಡಬೇಕೆಂಬ 1907ರ ಹೇಗ್ ಒಪ್ಪಂದ ಆಗಲೇ ಇತ್ತು. ಟೌನ್‌ಶೆಂಡ್‌ನನ್ನು ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಅತಿಥಿಯಂತೆ ಇರಿಸಿಕೊಂಡರು. ತನ್ನ ಸಿಪಾಯಿಗಳ ಗತಿ ಏನೆಂದು ಅವನು ಗಟ್ಟಿಯಾಗಿ ಕೇಳಲಿಲ್ಲ ಎಂಬ ಮಾತು ಅವನ ದೇಶದವರೇ ಆಡಿದ್ದು.

ಇದನ್ನೆಲ್ಲ ಓದಿದಾಗ ನನಗೆ ಅನಿಸುವುದು: ಕಾಳಗದಲ್ಲಿ ಧೈರ್ಯ ಬೇಕಾಗುವುದು ಒಂದು ಗಳಿಗೆಗೆ, ಒಂದು ದಿನಕ್ಕೆ. ಆ ದಾರಿಯಲ್ಲಿ ಪ್ರತಿ ಬೆಳಿಗ್ಗೆ ಎದ್ದು ನಿಲ್ಲುವುದಕ್ಕೇ ಧೈರ್ಯ ಬೇಕಿತ್ತು.

ಸೈನಿಕ ಶಾಲೆ, ಹಳೇ ವಿದ್ಯಾರ್ಥಿ

ವಿಜಯಪುರ ಸೈನಿಕ ಶಾಲೆಯಲ್ಲಿ ಓದಿದವನು ನಾನು. ಸೆರೆಯಲ್ಲಿ ಸತ್ತವನು ವೀರನಲ್ಲ ಅನ್ನುವವರಿಗೆ ಕಾರ್ಗಿಲ್ ನೆನಪು ಮಾಡಿ. 1999ರ ಮೇ ತಿಂಗಳಲ್ಲಿ ಕಾಕ್ಸರ್ ಭಾಗದಲ್ಲಿ ಗಸ್ತು ಹೋದ 4 ಜಾಟ್ ಪಲ್ಟನ್ನಿನ ಕ್ಯಾಪ್ಟನ್ ಸೌರಭ್ ಕಾಲಿಯಾಗೆ 22 ವರ್ಷ. ಪಾಕಿಸ್ತಾನದವರು ಅವರನ್ನೂ ಜೊತೆಗಿದ್ದವರನ್ನೂ ಸೆರೆ ಹಿಡಿದರು, ಜೂನ್ 9ರಂದು ದೇಹ ಒಪ್ಪಿಸಿದರು. ಆ ದೇಹಗಳ ಮೇಲಿನ ಚಿತ್ರಹಿಂಸೆಯ ಗುರುತು ಕಂಡು ಇಡೀ ದೇಶ ಕುದಿಯಿತು. ಅವರನ್ನು ಯಾರಾದರೂ ಎರಡನೇ ಸಾಲಿನಲ್ಲಿ ಕೂಡಿಸುತ್ತಾರೆಯೇ?

ಇನ್ನೊಂದು ಮಾತು. ಕ್ಯಾಪ್ಟನ್ ಹೆಸರು ಎಲ್ಲರಿಗೂ ಗೊತ್ತು. ಜೊತೆಗಿದ್ದ ಐದು ಸಿಪಾಯಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಅರ್ಜುನ್ ರಾಮ್, ಭನ್ವರ್ ಲಾಲ್ ಬಗಾರಿಯಾ, ಭಿಕಾ ರಾಮ್, ಮೂಲಾ ರಾಮ್, ನರೇಶ್ ಸಿಂಗ್. ಬಸರಾದ ಗೋಡೆ ಬಗ್ಗೆ ಓದುವಾಗ ನನಗೆ ಇವರ ಹೆಸರು ಬರೆಯಲೇಬೇಕು ಅನ್ನಿಸಿತು.

ಚಿಕ್ಕೋಡಿ ಮಾವಿನತೋಪು

ನಮ್ಮ ತಾಯಿಯ ಅಪ್ಪ ಎರಡನೇ ಮಹಾಯುದ್ಧದಾಗ 2ನೇ ಮರಾಠಾ ಪಲ್ಟನ್ನಿನಾಗ ಇದ್ರು, ಅದಕ್ಕ ಕಾಳಿ ಪಾಂಚ್ವಿ ಅಂತ ಅಡ್ಡಹೆಸರು. 1942ರ ಜೂನ್ 21ಕ್ಕ ಲಿಬಿಯಾದ ಟೋಬ್ರುಕ್ ಬಿದ್ದಾಗ ಸೆರೆ ಸಿಕ್ಕು ಇಟಲಿಗೆ ಹೋಗಿ ಬಂದ್ರು. ಬಂದ ಮ್ಯಾಲ ಇಪ್ಪತ್ತೈದು ವರ್ಷ ಬದುಕಿದ್ರು, ಆ ಬಗ್ಗೆ ಬಾಯಿ ಬಿಡಲಿಲ್ಲ. ತಾಟಿನಾಗ ಒಂದ ಅಗಳು ಬಿಟ್ರೂ ನಮಗ ಬೈತಿದ್ರು, ಅಷ್ಟ.

ಘಟಪ್ರಭಾ ದಂಡಿ

ಸ್ವಾದರತ್ತಿ ಹತ್ರ ಹೋಗಿ ಬಂದೆ. ಸಂಕೇಶ್ವರದ ಅಕ್ಕಾರ, ನಿಮ್ಮ ಮಾತು ಕೇಳಿದ್ದು ಛಲೋ ಆತು.

ಸಣ್ಣಜ್ಜನ ಹೇಣ್ತಿ, ಸಣ್ಣಾಯಿ, ನಮ್ಮ ಸ್ವಾದರತ್ತಿ ಲಗ್ನ ಆಗಿ ಹೋಗೂತನಕ ನಮ್ಮ ಮನ್ಯಾಗ ಇದ್ದಳಂತ. ಮದಿವಿ ಆದಾಗ ಇನ್ನೂ ಹುಡುಗಿ. 1916ರ ಬ್ಯಾಸಿಗಿ ಮುಗಿಯೂ ಹೊತ್ತಿಗೆ ಬೆಳಗಾಂವಿಯಿಂದ ಕಾಗದ ಬಂತು, ಸೆರೆ ಸಿಕ್ಕಾನೋ ಏನೋ ಪತ್ತೆ ಇಲ್ಲಂತ. ಸತ್ತಾನಂತ ಯಾರೂ ಹೇಳಲಿಲ್ಲ. ಆಕಿ ಕುಂಕುಮ ಹಚ್ಚೂದು, ಬಳಿ ತೊಡೂದು ಬಿಡಲಿಲ್ಲ. ಕೆಲವರು ಆಡಿಕೊಂಡ್ರು, ಕೆಲವರು ಆಕಿ ಜೋಡಿ ಗುಡಿಗೆ ಹೋಗಾಕ ಹಿಂದಮುಂದ ನೋಡಿದ್ರು. ಲಡಾಯಿ ಮುಗದ ಮ್ಯಾಲ ನಾಕ ಹರದಾರಿ ದೂರದ ಊರಿಗೆ ಒಬ್ಬ ಸಿಪಾಯಿ ತಿರುಗಿ ಬಂದಾನಂತ ಸುದ್ದಿ ಕೇಳಿ, ಸಣ್ಣಾಯಿ ಮೈದುನನ್ನ ಕರಕೊಂಡು ನಡದ ಹೋದಳು. ಅಂವ ಅಂದ: "ರೈಲಿನ ಕೆಲಸದಾಗ ನೋಡೀನಿ, ಜ್ವರ ಬಂದಿತ್ತು, ನನ್ನ ಮುಂದಕ ಕಳಿಸಿದ್ರು, ಆಮ್ಯಾಲ ಗೊತ್ತಿಲ್ಲ." ಅಷ್ಟ ಮಾತು ಹಿಡಕೊಂಡು ಆಕಿ ಮತ್ತ ದಾರಿ ಕಾದಳು.

ಕಡೀಕ ಟಪಾಲಿನಾಗ ಆ ಕಂಚಿನ ಬಿಲ್ಲಿ ಬಂತು. ಮನ್ಯಾಗ ಯಾರಿಗೂ ಇಂಗ್ಲಿಷ್ ಬರೂದಿಲ್ಲ. ಸಾಲಿ ಮಾಸ್ತರನ್ನ ಕರಿಸಿ ಓದಿಸಿದ್ರು. ಮಾಸ್ತರ ಓದಿದ ದಿನ ಸಂಜಿಮುಂದ ಆಕಿ ಬಳಿ ಒಡದ್ರು. ಆ ಬಿಲ್ಲಿ ಸಣ್ಣಾಯಿ ಕೈಲೆ ಮುಟ್ಟಲಿಲ್ಲ. ಜಗಲಿ ಮ್ಯಾಲ ಇಡ್ತೀವಿ, ದೇವರ ಜೋಡಿ ಪೂಜಿ ಮಾಡೂಣು ಅಂದ್ರ ಬ್ಯಾಡಂದಳು. ಅರಬಿಯಾಗ ಸುತ್ತಿ ಜ್ವಾಳದ ಕಣಜದ ತಳಕ್ಕ ಇಡಸಿದಳು. ಎಡಿ ಹಿಡಿಯೂ ದಿನ ಅವನ ಹೆಸರು ತಗೀಬ್ಯಾಡ್ರಿ ಅಂತ ಕೈ ಮುಗದಳಂತ. ಹೆಸರು ತಗೊಂಡ್ರ ಸತ್ತದ್ದು ಖರೇ ಆದಂಗ ಆಗ್ತೈತಿ, ಅದಕ್ಕ. ಆಕಿ ಹೋದ ಮ್ಯಾಲೂ ಮನ್ಯಾಗ ಅದ ರೂಢಿ ಉಳೀತು.

ನಾನು ಇಷ್ಟು ವರ್ಷ ಅದು ನಾಚಿಕಿ ಅಂತ ತಿಳಕೊಂಡಿದ್ದೆ. ನಾಚಿಕಿ ಯಾರಿಗೂ ಇರಲಿಲ್ಲ.

ಕಿತ್ತೂರ ಹುಡುಗ

ಅಣ್ಣಾರ, ಇದನ್ನ ಎರಡು ಸಲ ಓದಿದೆ. ಇಂಗ್ಲಿಷರ ಲಡಾಯಿ ಬಗ್ಗೆ ನನ್ನ ವಿಚಾರ ಹಂಗ ಐತಿ, ಆ ಲಡಾಯಿ ನಮ್ಮದಲ್ಲ. ಆದ್ರ ಸೆರಿಯಾಗ ಸತ್ತಾಂವ ಅನ್ನೂ ತಕರಾರು ನಿಮ್ಮೂರಾಗ ಯಾರರೆ ಮತ್ತ ತಗದ್ರ ಒಂದ ಮಾತ ಕೇಳ್ರಿ. ನಮ್ಮ ಚೆನ್ನಮ್ಮ ತಾಯಿ ಎಲ್ಲಿ ಜೀವ ಬಿಟ್ಟಳು? ರಣಾಂಗಣದಾಗ ಅಲ್ಲ. ಬೈಲಹೊಂಗಲದ ಕ್ವಾಟಿಯೊಳಗ, ಇಂಗ್ಲಿಷರ ಸೆರಿಯಾಗ, 1829ರಾಗ. ಅಲ್ಲೇ ಸಮಾಧಿ ಐತಿ, ವರ್ಷಾ ಹೋಗಿ ಕೈ ಮುಗದು ಬರ್ತೀವಿ. ಸೆರಿಯಾಗ ಸತ್ತಾಳಂತ ಆಕಿನ ಕಡಿಮಿ ಮಾಡಿ ನೋಡೂ ಒಬ್ಬ ಮನಶ್ಯಾ ಈ ಜಿಲ್ಲಾದಾಗ ಅದಾನೇನು?

ಬಾರಾಕಮಾನ್, ವಿಜಯಪುರ

ತಮ್ಮಾ, ಇದಕ್ಕ ಮ್ಯಾಲ ಮಾತಿಲ್ಲ.

ದಾಖಲೆ ಹುಡುಕಾಟ

ಘಟಪ್ರಭಾ ಅವರು ಖಾಸಗಿಯಾಗಿ ಕಳಿಸಿದ ನಂಬರಿನಿಂದ ದಾಖಲೆ ಸಿಕ್ಕಿದೆ. ವಿವರ ಅವರಿಗೆ ಕಳಿಸಿದ್ದೇನೆ, ಅವರ ಒಪ್ಪಿಗೆಯಿಂದ ಇಷ್ಟು ಹೇಳುತ್ತೇನೆ. 110ನೇ ಮರಾಠಾ, ಸಿಪಾಯಿ, 1916ರ ಸೆಪ್ಟೆಂಬರಿನಲ್ಲಿ ಸಾವು, ಬಸರಾ ಸ್ಮಾರಕದ ಪಟ್ಟಿ. ತಂದೆಯ ಹೆಸರು ಹೊಂದುತ್ತದೆ. ಊರಿನ ಹೆಸರಿನಲ್ಲಿ ಎರಡು ಅಕ್ಷರ ಅದಲುಬದಲಾಗಿದೆ, ಆದರೆ ಗೋಕಾಕ, ಬೆಳಗಾಂ ಅಂತ ಸ್ಪಷ್ಟವಾಗಿದೆ. ಸಾವಿನ ದಿನಾಂಕವೂ ಇದೆ.

ನಿವೃತ್ತ ಸುಬೇದಾರ, ಬೆಳಗಾವಿ

ದಿನಾಂಕ ಸಿಕ್ಕದ್ದು ಬಾಳ ದೊಡ್ಡ ಮಾತು. ಇನ್ನ ತಿಥಿ ಮಾಡಾಕ ಬರ್ತೈತಿ.

ಬೆಳಗಾವಿ ಮರಾಠಾ ಕೇಂದ್ರದಾಗ ಶರ್ಕತ್ ಯುದ್ಧಸ್ಮಾರಕ ಐತಿ. 1918ರ ಅಕ್ಟೋಬರ್ ಕಡೀಕ ಅದ ಇರಾಕಿನ್ಯಾಗ 114ನೇ ಮರಾಠಾ ಗೆದ್ದ ಲಡಾಯಿ ಅದು. ನಾನು ಸರ್ವಿಸಿನಾಗ ಇದ್ದಾಗ ಎಷ್ಟೋ ಸಲ ಅಲ್ಲಿ ಸಲಾಮಿ ಕೊಟ್ಟೀನಿ. ಗೆದ್ದ ಲಡಾಯಿಗೆ ಸ್ಮಾರಕ ಇರೂದು ಸಹಜ. ಕುತ್‌ನಾಗ ಹಸಗೊಂಡು ನಿಂತವರೂ ಅದ ಪಲ್ಟನ್ನಿನ ಅಣ್ಣತಮ್ಮಂದಿರು.

ಈಗ ಕಲ್ಲಿನ ಮ್ಯಾಲ ಏನ ಬರೀಬೇಕು ಅನ್ನೂದು. ನನ್ನ ಸಲಹಾ: ವೀರಮರಣ ಅಂತಷ್ಟ ಬರದು ಸೆರೆ ಅನ್ನೂದನ್ನ ಮುಚ್ಚಬ್ಯಾಡ್ರಿ. ಸೆರಿಯಾಗ ಸತ್ತ ಅಂತನ ಕೆತ್ತಸ್ರಿ. ಮುಂದಿನ ಹುಡುಗ್ರು ನಿಂತು ಓದಿ ಕೇಳಲಿ, ಯಾವ ಸೆರೆ, ಎಲ್ಲಿ, ಯಾಕ ಅಂತ.

ಸಂಕೇಶ್ವರದ ಸೊಸಿ

ನಂದೊಂದು ಬೇಡಿಕಿ ಐತಿ. ಸಣ್ಣಾಯಿ ಹೆಸರೂ ಬರಲಿ. ನಮ್ಮ ಕಡೆ ಹಳೇ ವೀರಗಲ್ಲಿನ ಮಗ್ಗಲ ಮಾಸ್ತಿಕಲ್ಲು ಇರ್ತಾವ, ಚಿತಿ ಏರಿದ ಹೇಣ್ತಿಗಷ್ಟ ಕಲ್ಲು ಸಿಗ್ತಿತ್ತು. ಬದುಕಿ ಮನಿ ನಡಿಸಿದಾಕಿಗೆ ಎಲ್ಲೂ ಸಿಕ್ಕಿಲ್ಲ.

ಘಟಪ್ರಭಾ ದಂಡಿ

ನಿನ್ನೆ ಸಭಾ ಆತು. ಮಾಸ್ತರ್ರ ಬರದದ್ದನ್ನ ಪ್ರಿಂಟ್ ತಗಸಿ ಓದಿದೆ, ಚೆನ್ನಮ್ಮ ತಾಯಿ ಮಾತು ಹೇಳಿದೆ, ಸ್ವಾದರತ್ತಿ ಹೇಳಿದ್ದನ್ನೂ ಹೇಳಿದೆ. ಆ ಹಿರಿಯರು ಪೂರ್ತಿ ಕೇಳಿದ್ರು. "ಹಿಂಗ ಅಂತ ನಮಗ ಯಾರ ಹೇಳಿದ್ರು?" ಅಂದು, ಮೂರೂ ಹೆಸರು ಒಂದ ಸಾಲಿನಾಗ, ಒಂದ ಅಳತಿ ಅಕ್ಷರದಾಗ ಬರಲಿ ಅಂತ ತಾವ ಸೂಚಿಸಿದ್ರು. ಸಣ್ಣಾಯಿ ಹೆಸರಿಗೆ ಸ್ವಲ್ಪ ಚರ್ಚಾ ಆತು. ಉಳಿದ ಎರಡೂ ಮನಿಯವರು ತಮ್ಮ ಹೆಣ್ಣುಮಕ್ಕಳ ಹೆಸರೂ ಬರೂದಾದ್ರ ಒಪ್ಪಿಗಿ ಅಂದ್ರು. 1965ರಾಗ ಹೋದವರ ತಾಯಿ ಹೆಸರು ಬರ್ತೈತಿ, ಇನ್ನೊಬ್ಬರ ಹೇಣ್ತಿ ಹೆಸರು ಬರ್ತೈತಿ.

ಇಳಕಲ್ಲಿನ ಕೆಂಪು ಗ್ರಾನೈಟ್ ತರಸಾಕತ್ತೀವಿ. ಮಾನಾಮಿ ಅಮಾಸಿ ದಿನ ಮುಂಜಾನಿ ಕೂಡಸೂದು, ಆಮ್ಯಾಲ ನಮ್ಮ ಮನ್ಯಾಗ ಎಡಿ. ನೀವೆಲ್ಲಾರೂ ಬರಬೇಕು. ಕೆತ್ತವರು ಬರೂ ಶನಿವಾರದೊಳಗ ಮಜಕೂರು ಕೇಳ್ಯಾರ. ನಮ್ಮ ಭಾಗ ಹಿಂಗ ಬರದೀನಿ, ಹೆಸರು ಬಿಟ್ಟು ಹಾಕೀನಿ, ತಪ್ಪಿದ್ರ ತಿದ್ದಿ ಕೊಡ್ರಿ:

"ಸಿಪಾಯಿ, 110ನೇ ಮರಾಠಾ ರೆಜಿಮೆಂಟ್. ಕುತ್ ಅಲ್ ಅಮಾರಾ ಮುತ್ತಿಗೆಯಲ್ಲಿ ಕಾದಾಡಿ 1916ರ ಏಪ್ರಿಲ್ 29ರಂದು ಸೆರೆಯಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ಹೆಂಡತಿ ಇವರ ದಾರಿ ಕಾಯುತ್ತ ಈ ಊರಲ್ಲಿ ಬಾಳಿದರು."

ದಾಖಲೆ ಹುಡುಕಾಟ

ರೆಜಿಮೆಂಟ್ ಎಂಬುದರ ಬದಲು "110ನೇ ಮರಾಠಾ ಲೈಟ್ ಇನ್‌ಫಂಟ್ರಿ" ಎಂದು ಪೂರ್ತಿ ಹಾಕಿಸಿ, ಅವನ ಕಾಲದ ಹೆಸರು ಅದೇ. ಹೆಸರಿನ ಹಿಂದೆ ಅವನ ಸೈನ್ಯದ ನಂಬರೂ ಇರಲಿ. ಮುಂದೆ ಯಾರಾದರೂ ಹುಡುಕಿದರೆ ಬಸರಾದ ಪಟ್ಟಿಗೂ ನಿಮ್ಮೂರ ಕಲ್ಲಿಗೂ ತಾಳೆ ಬೀಳಬೇಕು.

ನಿವೃತ್ತ ಸುಬೇದಾರ, ಬೆಳಗಾವಿ

ಅಷ್ಟು ತಿದ್ದಿದ್ರ ಸರಿ ಐತಿ, ಕೆತ್ತಸ್ರಿ. ಅಮಾಸಿಗೆ ನಾವು ಪಿಂಚಣಿದಾರರು ಒಂದು ಜೀಪಿನಾಗ ಬರ್ತೀವಿ, ಬಿಗುಲ್ ಊದಾಂವ ಒಬ್ಬ ನಮ್ಮೊಳಗ ಅದಾನ. ಎಷ್ಟೊತ್ತಿಗೆ ಮುಹೂರ್ತ ಅನ್ನೂದಷ್ಟ ತಿಳಸ್ರಿ.

ಘಟಪ್ರಭಾ ದಂಡಿ

ಮುಂಜಾನಿ ಒಂಬತ್ತಕ್ಕ, ಸಾಹೇಬ್ರ. ನಾಷ್ಟಾ ನಮ್ಮ ಮನ್ಯಾಗ.